ಸಕ್ಕರೆಯ ಲೆಕ್ಕ ಯಾರ ಕೈಯಲ್ಲಿ?

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆಯನ್ನು ನಾವೆಲ್ಲ ಆಗಾಗ ಬಳಸುತ್ತೇವೆ. ಕಣ್ಣೆದುರಿಗೆ ಇರುವುದಕ್ಕೆ ಬೇರೆ ಸಾಕ್ಷಿ ಬೇಡ ಎಂದು ಅದರ ಅರ್ಥ. ಆದರೆ ಮೈಯೊಳಗಿನ ಎಲ್ಲ ತೊಂದರೆಗಳೂ ಅಂಗೈ ಮೇಲೆ ಬಂದು ಕೂರುವುದಿಲ್ಲ. ಸಕ್ಕರೆ ಕಾಯಿಲೆ ಅಂಥದು. ರಕ್ತದಲ್ಲಿ ಸಕ್ಕರೆ ಏರಿದಾಗ ಆಡುವ ಮಗು ಆಡುತ್ತಲೇ ಇರಬಹುದು. ಅಪಾಯದ ಮಟ್ಟಕ್ಕೆ ಇಳಿದಾಗ ಮಲಗಿದ ಮಗು ಮಲಗಿಯೇ ಇರಬಹುದು. ಈ ರೋಗಕ್ಕೆ ಕನ್ನಡಿ ಬೇಕೇ ಬೇಕು. ಆ ಕನ್ನಡಿ ಹೇಗೆ ಹುಟ್ಟಿತು, ಮೊದಲು ಯಾರ ಕೈಯಲ್ಲಿತ್ತು, ಮಗುವಿನ ಕೈಗೆ ಬರಲು ಎಷ್ಟು ಕಾಲ ಹಿಡಿಯಿತು ಎಂಬುದು ತಿಳಿಯಬೇಕಾದ ಸಂಗತಿ. ನಾನು ಓದಿದ್ದು ಬಿ.ಎ., ಬಿ.ಎಡ್.; ಕಲಿಸುವುದು ಸಮಾಜ ವಿಜ್ಞಾನ. ವೈದ್ಯರ ಹಾಗೆ ಮಾತಾಡುವ ಅಧಿಕಾರ ನನಗಿಲ್ಲ. ಆದರೆ ರಾಜರ ಕಾಳಗಗಳ ಇಸವಿಗಳನ್ನು ಇಷ್ಟು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ ಮೇಲೆ, ತರಗತಿಯ ಮಗುವೊಂದರ ತೋಳಿಗೆ ಅಂಟಿಕೊಂಡ ನಾಣ್ಯದಗಲದ ಯಂತ್ರಕ್ಕೂ ಇತಿಹಾಸವುಂಟಲ್ಲವೇ ಎನ್ನಿಸಿತು. ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಸಕ್ಕರೆ ಕಾಯಿಲೆ ಎಂದೊಡನೆ ನಮಗೆ ನೆನಪಾಗುವುದು ಐವತ್ತು ದಾಟಿದವರು, ಅವರ ಬೆಳಗಿನ ವಾಕಿಂಗು, ಮದುವೆಮನೆಯ ಊಟದಲ್ಲಿ ಹೋಳಿಗೆ ಬಡಿಸಲು ಬಂದಾಗ ಎಲೆಗೆ ಅಡ್ಡ ಬರುವ ಕೈ. ಮಕ್ಕಳಿಗೆ ಬರುವುದು ಹೆಚ್ಚಾಗಿ ಬೇರೆ ಬಗೆಯದು. ವೈದ್ಯರು ಅದನ್ನು ಟೈಪ್ 1 ಎನ್ನುತ್ತಾರೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹದ ಕಾವಲು ಪಡೆಯೇ ಶತ್ರುಗಳೆಂದು ತಿಳಿದು ನಾಶ ಮಾಡಿಬಿಡುತ್ತದೆ. ಮಗು ಸಿಹಿ ತಿಂದದ್ದರಿಂದ ಇದು ಬರುವುದಿಲ್ಲ; ತಾಯಿ ಬಸುರಿನಲ್ಲಿ ಏನೋ ತಿಂದಳೆಂದೂ ಬರುವುದಿಲ್ಲ. ಒಮ್ಮೆ ಬಂದ ಮೇಲೆ ಬದುಕಿರುವವರೆಗೂ ಇನ್ಸುಲಿನ್ನನ್ನು ಹೊರಗಿನಿಂದ ಕೊಡಬೇಕು. ಕಡಿಮೆ ಕೊಟ್ಟರೆ ಸಕ್ಕರೆ ಏರಿ, ವರ್ಷಗಳು ಕಳೆದಂತೆ ಕಣ್ಣು, ಮೂತ್ರಪಿಂಡ, ನರಗಳನ್ನು ಕೆಡಿಸುತ್ತದೆ. ಹೆಚ್ಚು ಕೊಟ್ಟರೆ ಸಕ್ಕರೆ ಇಳಿದು ಬೆವರು, ನಡುಕ, ಮಂಕು, ಕೊನೆಗೆ ಎಚ್ಚರ ತಪ್ಪುವುದು. ಈ ಎರಡರ ನಡುವಿನ ಹಗ್ಗದ ಮೇಲೆ ಆರು ವರ್ಷದ ಮಗು ನಡೆಯಬೇಕು.

ಈ ರೋಗದ ಗುರುತು ಹಿಡಿದವರಲ್ಲಿ ನಮ್ಮ ಪ್ರಾಚೀನ ವೈದ್ಯರೂ ಇದ್ದಾರೆ. ಚರಕ, ಸುಶ್ರುತರ ಸಂಹಿತೆಗಳಲ್ಲಿ ಮಧುಮೇಹದ ಮಾತಿದೆ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಹಿಂದಿನವರು ಕಂಡಿದ್ದರು. ಹಾಗೆ ನೋಡಿದರೆ ಇರುವೆಯೇ ಮೊದಲ ಮಾಪಕ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲಿಸ್ ಎಂಬ ವೈದ್ಯ ರೋಗಿಯ ಮೂತ್ರದ ರುಚಿ ನೋಡಿ ಜೇನಿನಂತೆ ಸಿಹಿ ಎಂದು ಬರೆದ. 1776ರಲ್ಲಿ ಲಿವರ್‌ಪೂಲ್‌ನ ಮ್ಯಾಥ್ಯೂ ಡಾಬ್ಸನ್ ಅದನ್ನು ಇಂಗಿಸಿ, ಉಳಿದದ್ದು ಸಕ್ಕರೆಯೇ ಎಂದು ತೋರಿಸಿದ. ರೋಗಿಯ ರಕ್ತವೂ ಸಿಹಿಯಾಗಿದೆ ಎಂದ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಫಾನ್ ಮೆರಿಂಗ್ ಮತ್ತು ಮಿಂಕೋವ್‌ಸ್ಕಿ ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. ರೋಗದ ಮೂಲ ಎಲ್ಲಿದೆ ಎಂದು ತಿಳಿದ ಮೇಲೂ ಮಕ್ಕಳು ಸಾಯುವುದು ನಿಲ್ಲಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಫ್ರೆಡರಿಕ್ ಅಲೆನ್ ಎಂಬ ವೈದ್ಯರ ಚಿಕಿತ್ಸೆಯೆಂದರೆ ಉಪವಾಸ. ಮಗುವಿಗೆ ಬದುಕಲು ಬೇಕಾದಷ್ಟಕ್ಕಿಂತ ಕಡಿಮೆ ಊಟ ಕೊಟ್ಟು ಸಾವನ್ನು ಕೆಲವು ತಿಂಗಳು, ಕೆಲವು ವರ್ಷ ಮುಂದೂಡುವುದು. ಹಸಿದ ಮಗುವಿಗೆ ತುತ್ತು ಕೊಡದಿರುವುದೇ ಆ ಕಾಲದ ತಾಯಂದಿರ ಪಾಲಿನ ಶುಶ್ರೂಷೆಯಾಗಿತ್ತು.

ಮುಂದಿನ ಕಥೆ ಕೆನಡಾದ ಟೊರಾಂಟೊದ್ದು. 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್, ಪ್ರೊಫೆಸರ್ ಮ್ಯಾಕ್ಲಿಯೋಡ್ ಅವರ ಪ್ರಯೋಗಶಾಲೆಯಲ್ಲಿ ನಾಯಿಗಳ ಮೇದೋಜೀರಕ ಗ್ರಂಥಿಯಿಂದ ಸಾರ ತೆಗೆದರು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಚುಚ್ಚುಮದ್ದು. ಅದು ಅಷ್ಟಾಗಿ ಫಲಿಸಲಿಲ್ಲ. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞ ಸಾರವನ್ನು ಶುದ್ಧಗೊಳಿಸಿಕೊಟ್ಟ ಮೇಲೆ, ಜನವರಿ 23ರಂದು ಮತ್ತೆ ಕೊಟ್ಟರು. ಹುಡುಗನ ರಕ್ತದ ಸಕ್ಕರೆ ಒಂದು ದಿನದೊಳಗೆ 520ರಿಂದ 120ಕ್ಕೆ ಇಳಿಯಿತು. ಇದೇ ಕಾಲಿಪ್ ಸಾರದ ಶಕ್ತಿಯನ್ನು ಮೊಲಗಳ ಮೇಲೆ ನೋಡುತ್ತಿದ್ದಾಗ, ಹೆಚ್ಚು ಕೊಟ್ಟ ಮೊಲಗಳು ಸೆಳೆತ ಬಂದು ಒರಗಿದವು. ಗ್ಲೂಕೋಸ್ ಕೊಟ್ಟೊಡನೆ ಎದ್ದವು. ಔಷಧ ಸಿಕ್ಕ ದಿನಗಳಲ್ಲಿಯೇ ಔಷಧದ ಅಪಾಯವೂ ಸಿಕ್ಕಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ಇನ್ಸುಲಿನ್ನಿನ ಪೇಟೆಂಟನ್ನು ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

ಅದೇ ವರ್ಷ ಆಗಸ್ಟ್‌ನಲ್ಲಿ ಎಲಿಜಬೆತ್ ಹ್ಯೂಸ್ ಎಂಬ ಹುಡುಗಿ ಟೊರಾಂಟೊಗೆ ಬಂದಳು. ಅಮೆರಿಕದ ವಿದೇಶಾಂಗ ಮಂತ್ರಿಯ ಮಗಳು. ಹದಿನೈದು ತುಂಬುವ ವಯಸ್ಸು. ಅಲೆನ್ ಅವರ ಉಪವಾಸದಿಂದ ತೂಕ ಸುಮಾರು 20 ಕಿಲೋಗ್ರಾಂ. ಅವಳು ಬದುಕಿದಳು. ಮದುವೆಯಾಗಿ, ಮಕ್ಕಳ ತಾಯಿಯಾಗಿ, ಸುಮಾರು 42,000 ಚುಚ್ಚುಮದ್ದುಗಳನ್ನು ತೆಗೆದುಕೊಂಡು 1981ರಲ್ಲಿ ತೀರಿಕೊಂಡಳು. ಆದರೆ ತನ್ನ ರೋಗದ ಸಂಗತಿಯನ್ನು ಅವಳು ಬದುಕಿನುದ್ದಕ್ಕೂ ಆದಷ್ಟು ಮುಚ್ಚಿಟ್ಟಳು. ತಂದೆಯ ಕಾಗದಪತ್ರಗಳಿಂದಲೂ ಆ ಪ್ರಸ್ತಾಪವನ್ನು ತೆಗೆಸಿದಳಂತೆ. ಜಗತ್ತಿನಲ್ಲಿ ಮೊದಲು ಬದುಕಿ ಉಳಿದ ಮಕ್ಕಳಲ್ಲೊಬ್ಬಳು ಹೇಳಿಕೊಳ್ಳಲು ಇಷ್ಟಪಡಲಿಲ್ಲವೆಂಬುದು ನನ್ನನ್ನು ಬಹಳ ಹೊತ್ತು ಯೋಚಿಸುವಂತೆ ಮಾಡಿತು.

ಇನ್ಸುಲಿನ್ ಬಂತು, ಕನ್ನಡಿ ಬರಲಿಲ್ಲ. ಎಷ್ಟು ಕೊಡಬೇಕೆಂದು ತಿಳಿಯಲು ಮನೆಯಲ್ಲಿ ಇದ್ದ ದಾರಿ ಮೂತ್ರ ಪರೀಕ್ಷೆಯೊಂದೇ. ನಮ್ಮ ದೊಡ್ಡಪ್ಪನವರಿಗೆ ಈ ಕಾಯಿಲೆಯಿತ್ತು, ದೊಡ್ಡವರಿಗೆ ಬರುವ ಬಗೆಯದು. ಬಚ್ಚಲುಮನೆಯ ಕಿಟಕಿಯಲ್ಲಿ ಒಂದು ಸ್ಪಿರಿಟ್ ದೀಪ, ಒಂದು ಪ್ರನಾಳ, ನೀಲಿ ಬಣ್ಣದ ಬೆನೆಡಿಕ್ಟ್ ದ್ರಾವಣದ ಸೀಸೆ ಇರುತ್ತಿದ್ದವು. ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸುವರು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ. ಹಸಿರು, ಹಳದಿ, ಕಿತ್ತಳೆ ಎಂದು ಬಣ್ಣ ಏರುತ್ತ ಕೊನೆಗೆ ಇಟ್ಟಿಗೆ ಕೆಂಪು. ಮಕ್ಕಳಾದ ನಾವು ಬಾಗಿಲಲ್ಲಿ ನಿಂತು ಇಂದು ಯಾವ ಬಣ್ಣವೆಂದು ಪಂತ ಕಟ್ಟುತ್ತಿದ್ದೆವು. ಇಟ್ಟಿಗೆ ಬಣ್ಣ ಬಂದ ದಿನ ದೊಡ್ಡಮ್ಮ ಪಾಯಸದ ಪಾತ್ರೆಯನ್ನು ಒಲೆಯ ಮೇಲಿಡುತ್ತಿರಲಿಲ್ಲ.

ಆ ಬಣ್ಣಗಳ ಸುದ್ದಿ ಹಳೆಯ ಸುದ್ದಿ ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ರಕ್ತದಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲೆಯೇ ಅದು ಮೂತ್ರಕ್ಕೆ ಸೋರುವುದು. ಸೋರಿದ್ದು ಗಂಟೆಗಳ ಹಿಂದೆ. ಈಗ ಏನಾಗುತ್ತಿದೆ ಎಂದು ಅದು ಹೇಳದು. ಎಲ್ಲಕ್ಕಿಂತ ಮುಖ್ಯವಾಗಿ, ಸಕ್ಕರೆ ಅಪಾಯಕ್ಕೆ ಇಳಿದಿದ್ದರೂ ದ್ರಾವಣ ನೀಲಿಯಾಗಿಯೇ ಇರುತ್ತದೆ, ಸರಿಯಾಗಿದ್ದರೂ ನೀಲಿಯೇ. ಚಿಕ್ಕ ಮಗುವಿಗೆ ಇನ್ಸುಲಿನ್ ಕೊಡುವ ತಾಯಿಗೆ ಬೇಕಾಗಿದ್ದದ್ದು ಈ ಎರಡು ನೀಲಿಗಳ ನಡುವಿನ ವ್ಯತ್ಯಾಸ. 1941ರಲ್ಲಿ ಅಮೆರಿಕದ ಏಮ್ಸ್ ಕಂಪನಿ ಕುದಿಸುವ ರಗಳೆಯಿಲ್ಲದ ಕ್ಲಿನಿಟೆಸ್ಟ್ ಮಾತ್ರೆಗಳನ್ನು ತಂದಿತು. 1956ರಲ್ಲಿ ಅಲ್ಲಿಯ ಹೆಲೆನ್ ಫ್ರೀ ಮತ್ತು ಆಲ್ಫ್ರೆಡ್ ಫ್ರೀ ದಂಪತಿಗಳ ಕೆಲಸದಿಂದ ಅದ್ದಿ ನೋಡುವ ಕಾಗದದ ಪಟ್ಟಿ ಬಂತು. ಕೆಲಸ ಸುಲಭವಾಯಿತು, ಸುದ್ದಿ ಮಾತ್ರ ಹಳೆಯದಾಗಿಯೇ ಉಳಿಯಿತು.

1960ರ ದಶಕದಲ್ಲಿ ಒಂದು ಹನಿ ರಕ್ತವನ್ನು ಪಟ್ಟಿಯ ಮೇಲೆ ಹಾಕಿ ಬಣ್ಣ ನೋಡುವ ವಿಧಾನ ಬಂದು, ಆ ಬಣ್ಣವನ್ನು ಅಂಕಿಯಾಗಿ ತೋರಿಸುವ ಮೀಟರ್ ಅದರ ಬೆನ್ನಿಗೇ ಬಂತು. ಕಿಲೋಗ್ರಾಮಿಗಿಂತ ಹೆಚ್ಚು ತೂಗುವ ಆ ಪೆಟ್ಟಿಗೆ ವೈದ್ಯರಿಗೆ, ಆಸ್ಪತ್ರೆಗಳಿಗೆ ಮಾತ್ರ. ನ್ಯೂಯಾರ್ಕಿನ ರಿಚರ್ಡ್ ಬರ್ನ್‌ಸ್ಟೀನ್ ಎಂಬ ಎಂಜಿನಿಯರಿಗೆ 12ನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. 1969ರಲ್ಲಿ ಮೀಟರಿನ ಜಾಹೀರಾತು ನೋಡಿ ಬೇಕೆಂದರೆ, ರೋಗಿಗೆ ಮಾರುವುದಿಲ್ಲವೆಂಬ ಉತ್ತರ. ಅವರ ಹೆಂಡತಿ ವೈದ್ಯೆ. ಅವರ ಹೆಸರಿನಲ್ಲಿ ತರಿಸಿಕೊಂಡರು. ದಿನಕ್ಕೆ ಹಲವು ಬಾರಿ ರಕ್ತ ನೋಡಿ, ಇನ್ಸುಲಿನ್ ಮತ್ತು ಊಟವನ್ನು ಹೊಂದಿಸಿ, ಕೆಡುತ್ತಿದ್ದ ಆರೋಗ್ಯವನ್ನು ಸುಧಾರಿಸಿಕೊಂಡರು. ಈ ಅನುಭವವನ್ನು ಬರೆದು ಕಳಿಸಿದರೆ ವೈದ್ಯಕೀಯ ಪತ್ರಿಕೆಗಳು ಸ್ವೀಕರಿಸಲಿಲ್ಲ. ವೈದ್ಯನಾಗದೆ ತನ್ನ ಮಾತಿಗೆ ಬೆಲೆಯಿಲ್ಲವೆಂದು 45ನೇ ವಯಸ್ಸಿನಲ್ಲಿ ವೈದ್ಯಕೀಯ ಕಾಲೇಜು ಸೇರಿದರು! 2025ರಲ್ಲಿ, ತೊಂಬತ್ತು ತುಂಬಿದ ಮೇಲೆ ತೀರಿಕೊಂಡರು. ತನ್ನ ರಕ್ತದ ಲೆಕ್ಕವನ್ನು ತಾನು ನೋಡುವ ಹಕ್ಕಿಗಾಗಿ ಮನುಷ್ಯನೊಬ್ಬ ಇಷ್ಟು ಮಾಡಬೇಕಾಯಿತು. 1980ರ ದಶಕದಲ್ಲಿ ಮೀಟರು ಚಿಕ್ಕದಾಗಿ ಮನೆಮನೆಗೆ ಬರತೊಡಗಿತು.

ಇನ್ನೊಂದು ಕವಲನ್ನೂ ಇಲ್ಲಿ ಹೇಳಬೇಕು. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಒಂದು ಕಿಣ್ವವನ್ನೂ ವಿದ್ಯುತ್ ಕಡ್ಡಿಯನ್ನೂ ಜೊತೆಗೂಡಿಸುವ ಉಪಾಯವನ್ನು ಪ್ರಕಟಿಸಿದರು. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಗ್ಲೂಕೋಸಿನೊಡನೆ ವರ್ತಿಸುತ್ತದೆ. ಆ ಕ್ರಿಯೆ ಎಷ್ಟು ನಡೆಯಿತೆಂಬುದನ್ನು ಕಡ್ಡಿಯ ಮೂಲಕ ವಿದ್ಯುತ್ತಾಗಿ ಅಳೆಯಬಹುದು. ಇಂದು ಮಕ್ಕಳ ತೋಳಿನ ಮೇಲಿರುವ ಸೆನ್ಸರುಗಳಿಗೆ ತಳಹದಿ ಇದೇ. ಕೂದಲಿನಂತಹ ಎಳೆಯೊಂದು ಚರ್ಮದ ಕೆಳಗೆ ಕುಳಿತು, ಜೀವಕೋಶಗಳ ನಡುವಿನ ದ್ರವದಲ್ಲಿರುವ ಸಕ್ಕರೆಯನ್ನು ಅಳೆದು ಐದೈದು ನಿಮಿಷಕ್ಕೆ ಒಂದು ಅಂಕಿಯನ್ನು ಕಳಿಸುತ್ತದೆ. ದಿನಕ್ಕೆ 288 ಅಂಕಿಗಳು. ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ ಎಂಬುದನ್ನು ಬಿಟ್ಟರೆ, ಇದು ಈಗಿನ ಸುದ್ದಿ. ಅಂಕಿಯ ಪಕ್ಕದಲ್ಲಿ ಒಂದು ಬಾಣವೂ ಇರುತ್ತದೆ: ಏರುತ್ತಿದೆಯೋ, ಇಳಿಯುತ್ತಿದೆಯೋ. ನೂರು ಎಂಬ ಅಂಕಿಗಿಂತ ನೂರು ಮತ್ತು ಕೆಳಗೆ ಮುಖ ಮಾಡಿದ ಬಾಣ ಎಂಬುದು ಬಹಳ ಬೇರೆಯ ಮಾತು ಎಂದು ಈ ಮಕ್ಕಳ ತಾಯಂದಿರಿಗೆ ಗೊತ್ತು.

ಪಂಪಿನ ಹುಟ್ಟೂ ಅದೇ 1960ರ ದಶಕದ್ದು. ಲಾಸ್ ಏಂಜಲೀಸಿನ ಆರ್ನಾಲ್ಡ್ ಕೇಡಿಶ್ ಕಟ್ಟಿದ ಯಂತ್ರ ಸಿಪಾಯಿಯ ಬೆನ್ನುಚೀಲದಷ್ಟು ದೊಡ್ಡದು. ಹೊತ್ತು ತಿರುಗುವ ಪಂಪಿನಿಂದ ಚರ್ಮದ ಕೆಳಗೆ ಎಡೆಬಿಡದೆ ಇನ್ಸುಲಿನ್ ಕೊಡಬಹುದೆಂದು 1978ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಪಿಕಪ್, ಕೀನ್ ಮತ್ತು ಜೊತೆಗಾರರು ತೋರಿಸಿದರು. 1979ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮಕ್ಕಳ ವೈದ್ಯ ವಿಲಿಯಂ ಟ್ಯಾಂಬೊರ್ಲೇನ್, ಶೆರ್ವಿನ್ ಮೊದಲಾದವರು ಚಿಕ್ಕಂದಿನಲ್ಲೇ ಈ ರೋಗ ಬಂದವರಲ್ಲಿ ಪಂಪಿನಿಂದ ಸಕ್ಕರೆಯನ್ನು ಸಹಜ ಮಟ್ಟಕ್ಕೆ ತಂದದ್ದನ್ನು ವರದಿ ಮಾಡಿದರು. ಆರೋಗ್ಯವಂತನ ಮೇದೋಜೀರಕ ಗ್ರಂಥಿ ಇಡೀ ದಿನ ಹನಿಹನಿಯಾಗಿ ಇನ್ಸುಲಿನ್ ಬಿಡುತ್ತದೆ. ಊಟಕ್ಕೆ ಕುಳಿತಾಗ ಹೆಚ್ಚು ಬಿಡುತ್ತದೆ. ಪಂಪ್ ಮಾಡುವುದೂ ಇದನ್ನೇ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಡಬ್ಬಿ, ಅದರಿಂದ ಸಣ್ಣ ಕೊಳವೆ, ಎರಡು ಮೂರು ದಿನಕ್ಕೊಮ್ಮೆ ಬದಲಿಸುವ ಮೆತ್ತನೆಯ ನಳಿಕೆ. ಹಸುಗೂಸಿಗೆ ಬೇಕಾಗುವ ಇನ್ಸುಲಿನ್ ಬಹಳ ಕಡಿಮೆ. ಸಿರಿಂಜಿನಲ್ಲಿ ಅರ್ಧ ಯೂನಿಟ್ ಹಿಡಿಯುವುದೇ ಕಷ್ಟ. ಪಂಪ್ ಒಂದು ಯೂನಿಟ್ಟಿನ ನಲವತ್ತನೇ ಒಂದು ಭಾಗವನ್ನೂ ಅಳೆದು ಕೊಡಬಲ್ಲದು. ಆದರೆ ಎಷ್ಟು ಕೊಡಬೇಕೆಂದು ಅದಕ್ಕೆ ತಿಳಿಯದು. ಕೈಯಿತ್ತು, ಕಣ್ಣಿರಲಿಲ್ಲ.

ಕಣ್ಣು ಏಕೆ ಬೇಕು ಎಂಬುದನ್ನು ಎಲ್ಲರೂ ಒಪ್ಪುವಂತೆ ಹೇಳಿದ್ದು 1993ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ. ಅಮೆರಿಕ ಮತ್ತು ಕೆನಡಾದಲ್ಲಿ 1,441 ಜನರನ್ನು ವರ್ಷಗಟ್ಟಲೆ ಗಮನಿಸಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟರೆ ಕಣ್ಣಿನ ತೊಂದರೆ ಹೊಸದಾಗಿ ಬರುವ ಅಪಾಯ ಶೇಕಡಾ 76ರಷ್ಟು ತಗ್ಗುವುದೆಂದು ಅದು ತೋರಿಸಿತು. ಮೂತ್ರಪಿಂಡ, ನರಗಳಿಗೂ ಲಾಭವಿತ್ತು. ಅದೇ ವರದಿಯಲ್ಲಿ ಇನ್ನೊಂದು ಮಾತಿತ್ತು: ಬಿಗಿ ಹಿಡಿದವರಲ್ಲಿ ಸಕ್ಕರೆ ತೀರ ಇಳಿದು ಇನ್ನೊಬ್ಬರ ನೆರವು ಬೇಕಾದ ಪ್ರಸಂಗಗಳು ಸುಮಾರು ಮೂರು ಪಟ್ಟು. ಮಗಳ ಕಣ್ಣನ್ನು ಉಳಿಸಬೇಕೆಂದು ಇನ್ಸುಲಿನ್ ಹೆಚ್ಚಿಸಿದರೆ ರಾತ್ರಿಯ ನಿದ್ದೆಯಲ್ಲೇ ಸಕ್ಕರೆ ಇಳಿದೀತೆಂಬ ಭಯ. ಭಯಪಟ್ಟು ತಗ್ಗಿಸಿದರೆ ಇಪ್ಪತ್ತು ವರ್ಷದ ಮೇಲೆ ಕಣ್ಣು. ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು, ಮಲಗಿದ ಮಗುವಿನ ಬೆರಳು ಚುಚ್ಚಿ ರಕ್ತ ನೋಡುವುದು ಅನೇಕ ಮನೆಗಳಲ್ಲಿ ದಿನಚರಿಯಾಯಿತು.

1999ರಲ್ಲಿ ಅಮೆರಿಕದ ಮಿನಿಮೆಡ್ ಕಂಪನಿಯ ಸತತ ಮಾಪಕಕ್ಕೆ ಅಲ್ಲಿಯ ಸರ್ಕಾರದ ಒಪ್ಪಿಗೆ ಸಿಕ್ಕಿತು. ಮೂರು ದಿನ ಐದೈದು ನಿಮಿಷಕ್ಕೊಮ್ಮೆ ಸಕ್ಕರೆಯನ್ನು ಬರೆದಿಟ್ಟುಕೊಳ್ಳುವ ಯಂತ್ರ. ಆದರೆ ತೊಟ್ಟವರಿಗೆ ಅದು ಏನನ್ನೂ ತೋರಿಸುತ್ತಿರಲಿಲ್ಲ. ಮೂರು ದಿನ ಕಳೆದು ವೈದ್ಯರ ಬಳಿ ಹೋದಾಗ ಅವರು ಕಂಪ್ಯೂಟರಿಗೆ ಇಳಿಸಿಕೊಂಡು ನೋಡುತ್ತಿದ್ದರು. ಮಗುವಿನ ಹೊಟ್ಟೆಯ ಮೇಲೆ ಕುಳಿತ ಯಂತ್ರಕ್ಕೆ ರಾತ್ರಿ ಎರಡು ಗಂಟೆಯಲ್ಲಿ ಸಕ್ಕರೆ ಇಳಿದದ್ದು ಗೊತ್ತು. ಪಕ್ಕದಲ್ಲಿ ಮಲಗಿದ ತಾಯಿಗೆ ಗೊತ್ತಿಲ್ಲ. ಆ ಕಾಲದ ವೈದ್ಯರನ್ನು ಇದಕ್ಕಾಗಿ ದೂರಬೇಕಾಗಿಲ್ಲ. ಹೊಸ ಯಂತ್ರದ ಅಂಕಿಗಳನ್ನು ನಂಬಿ ಔಷಧ ಕೊಡುವುದು ಕ್ಷೇಮವೆಂದು ಇನ್ನೂ ಸಿದ್ಧವಾಗಿರಲಿಲ್ಲ. ಆಗಲೇ ಅಂಕಿ ತೋರಿಸುವ ಸೆನ್ಸರುಗಳು 2005-06ರ ಸುಮಾರಿಗೆ ಬಂದವು. 2006ರಲ್ಲಿ ಸೆನ್ಸರಿನ ಅಂಕಿಯನ್ನು ತನ್ನ ಪರದೆಯ ಮೇಲೆ ತೋರಿಸುವ ಪಂಪೂ ಬಂತು. ಕಣ್ಣೂ ಕೈಯೂ ಒಂದೇ ಮೈಮೇಲೆ ಸೇರಿದವು. ಆದರೂ ಅವುಗಳ ನಡುವೆ ಮನುಷ್ಯನೇ ನಿಂತು, ನೋಡಿ, ಲೆಕ್ಕಹಾಕಿ, ಗುಂಡಿ ಒತ್ತಬೇಕಾಗಿತ್ತು.

ಇಲ್ಲಿ ಮಕ್ಕಳು ನಮಗೆಲ್ಲ ಒಂದು ಪಾಠ ಕಲಿಸಿದರು. 2008ರಲ್ಲಿ ಅಮೆರಿಕದ ಬಾಲ ಮಧುಮೇಹ ಸಂಶೋಧನಾ ಪ್ರತಿಷ್ಠಾನದ ನೆರವಿನಿಂದ ನಡೆದ ಅಧ್ಯಯನವೊಂದು ಪ್ರಕಟವಾಯಿತು. 322 ಜನರಲ್ಲಿ ಅರ್ಧದಷ್ಟು ಮಂದಿಗೆ ಸತತ ಮಾಪಕ ಕೊಟ್ಟು ಆರು ತಿಂಗಳು ನೋಡಿದರು. 25 ದಾಟಿದವರಿಗೆ ಸ್ಪಷ್ಟ ಲಾಭ ಕಂಡಿತು. 8ರಿಂದ 14ರ ಮಕ್ಕಳ ಸರಾಸರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಏಕೆಂದು ನೋಡಿದರೆ, ವಾರಕ್ಕೆ ಆರು ದಿನವಾದರೂ ಸೆನ್ಸರ್ ತೊಟ್ಟವರು ದೊಡ್ಡವರಲ್ಲಿ ಶೇಕಡಾ 83, ಮಕ್ಕಳಲ್ಲಿ 50, 15ರಿಂದ 24ರ ಹುಡುಗ ಹುಡುಗಿಯರಲ್ಲಿ ಬರೀ 30! ತೊಟ್ಟವರಿಗೆ ಫಲವಿತ್ತು, ತೊಡಲು ಮನಸ್ಸಿರಲಿಲ್ಲ. ಆಗಿನ ಸೆನ್ಸರುಗಳು ದಪ್ಪ, ಆಗಾಗ ಬೆರಳು ಚುಚ್ಚಿ ತಾಳೆ ನೋಡಬೇಕು, ಹೊತ್ತಲ್ಲದ ಹೊತ್ತಿನಲ್ಲಿ ಕೂಗುತ್ತವೆ. ಇದು ಒಂದು ಕಾರಣ. ಹದಿನಾರರ ಹುಡುಗಿಗೆ ತನ್ನ ತೋಳಿನ ಮೇಲೆ ಎಲ್ಲರಿಗೂ ಕಾಣುವ ಗುರುತು ಬೇಡವಾಗುವುದು ಇನ್ನೊಂದು ಕಾರಣವಿದ್ದೀತು ಎಂದು ಪ್ರೌಢಶಾಲೆಯಲ್ಲಿ ಪಾಠ ಮಾಡಿದ ಯಾರಿಗಾದರೂ ತೋರುತ್ತದೆ. ಎಲಿಜಬೆತ್ ಹ್ಯೂಸ್ ಮುಚ್ಚಿಟ್ಟದ್ದನ್ನು ಈ ಮಕ್ಕಳು ತೆಗೆದಿಟ್ಟರು. 2010ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 485 ಜನರಿದ್ದರು, ಅವರಲ್ಲಿ 156 ಮಕ್ಕಳು. ಸೆನ್ಸರ್ ಜೊತೆಗಿನ ಪಂಪ್ ತೊಟ್ಟವರು ಚುಚ್ಚುಮದ್ದಿನವರಿಗಿಂತ ಮೇಲಾಗಿದ್ದರು, ಮಕ್ಕಳೂ ಕೂಡ.

ಅಂಕಿ ಮನೆಯಲ್ಲಿ ಕಂಡರೆ ಸಾಲದು, ಮಗು ಶಾಲೆಗೆ ಹೋದಾಗ? ನ್ಯೂಯಾರ್ಕ್ ರಾಜ್ಯದ ಲಿವೋನಿಯಾ ಎಂಬ ಊರಿನ ಜಾನ್ ಕಾಸ್ಟಿಕ್ ಎಂಬವರು ಕಂಪ್ಯೂಟರ್ ಕೆಲಸ ಬಲ್ಲವರು. ಅವರ ನಾಲ್ಕು ವರ್ಷದ ಮಗನಿಗೆ 2012ರಲ್ಲಿ ಈ ರೋಗ ಬಂತು. ಸೆನ್ಸರಿನ ಅಂಕಿ ಬರುತ್ತಿದ್ದದ್ದು ಮಗನ ಹತ್ತಿರವೇ ಇರಬೇಕಾದ ಒಂದು ಚಿಕ್ಕ ಡಬ್ಬಿಗೆ ಮಾತ್ರ. 2013ರಲ್ಲಿ ಅವರು ಆ ಡಬ್ಬಿಯ ಗುಟ್ಟನ್ನು ಬಿಡಿಸಿ, ಅಂಕಿ ತನ್ನ ಕಚೇರಿಯಲ್ಲಿ ಕಾಣುವಂತೆ ಮಾಡಿಕೊಂಡರು. ಇತರ ತಂದೆತಾಯಿಗಳು ಕೈಸೇರಿಸಿದರು. ಅದಕ್ಕೆ ನೈಟ್‌ಸ್ಕೌಟ್ ಎಂದು ಹೆಸರಾಯಿತು, ಇರುಳಿನ ಕಾವಲುಗಾರ ಎಂಬಂತೆ. ನಾವು ಕಾಯುತ್ತ ಕೂರುವುದಿಲ್ಲ ಎಂಬುದು ಅವರ ಘೋಷಣೆ. ದುಡ್ಡು ಕೇಳದೆ ಎಲ್ಲರಿಗೂ ಹಂಚಿದರು. 2014ರ ಕೊನೆಗೆ ಅಂಕಿಯನ್ನು ದೂರಕ್ಕೆ ಕಳಿಸುವ ಅಧಿಕೃತ ವ್ಯವಸ್ಥೆಗೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬಾಸ್ಟನ್ನಿನ ಎಡ್ ಡೇಮಿಯಾನೊ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕರ ಮಗನಿಗೆ ಒಂದು ವರ್ಷ ತುಂಬುವ ಮೊದಲೇ ರೋಗ ಬಂದಿತ್ತು. ಮಗ ಕಾಲೇಜಿಗೆಂದು ಮನೆ ಬಿಡುವುದರೊಳಗೆ ತಾನೇ ಯೋಚಿಸಿ ಇನ್ಸುಲಿನ್ ಕೊಡುವ ಯಂತ್ರ ಮಾಡಬೇಕೆಂದು ಹಟ ತೊಟ್ಟರು. ಅವರ ಯಂತ್ರಕ್ಕೆ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ಮಗ ಅಷ್ಟರಲ್ಲಿ ಇಪ್ಪತ್ತು ದಾಟಿದ್ದ.

ಅಷ್ಟರೊಳಗೆ ಬೇರೆಯವರೂ ಆ ದಾರಿಯಲ್ಲಿ ನಡೆದಿದ್ದರು. ಸಕ್ಕರೆ ತೀರ ಇಳಿದಾಗ ತಾನಾಗಿಯೇ ನಿಲ್ಲುವ ಪಂಪ್ 2009ರಲ್ಲಿ ಯೂರೋಪಿಗೆ, 2013ರಲ್ಲಿ ಅಮೆರಿಕಕ್ಕೆ ಬಂತು. 2016ರಲ್ಲಿ ಸೆನ್ಸರಿನ ಮಾತು ಕೇಳಿ ಇನ್ಸುಲಿನ್ನನ್ನು ಹೆಚ್ಚು ಕಡಿಮೆ ಮಾಡುವ ಪಂಪಿಗೆ ಅಮೆರಿಕದಲ್ಲಿ ಒಪ್ಪಿಗೆಯಾಯಿತು. ಮೊದಲು 14 ದಾಟಿದವರಿಗೆ, 2018ರಲ್ಲಿ 7 ದಾಟಿದವರಿಗೆ. ಊಟದ ಲೆಕ್ಕವನ್ನು ಈಗಲೂ ಮನುಷ್ಯರೇ ಹೇಳಬೇಕು; ರಾತ್ರಿಯ ಕಾವಲನ್ನು ಮಾತ್ರ ಯಂತ್ರ ವಹಿಸಿಕೊಂಡಿತು. ಕೇಂಬ್ರಿಡ್ಜಿನ ರೋಮನ್ ಹೊವೊರ್ಕಾ ಅವರ ತಂಡ ರೂಪಿಸಿದ ಇಂಥದೇ ವ್ಯವಸ್ಥೆಯನ್ನು ಒಂದರಿಂದ ಏಳು ವರ್ಷದ 74 ಮಕ್ಕಳಲ್ಲಿ ಪರೀಕ್ಷಿಸಿ 2022ರಲ್ಲಿ ವರದಿ ಮಾಡಿದರು. ಸಕ್ಕರೆ ಸರಿಯಾದ ಮಟ್ಟದಲ್ಲಿದ್ದ ಹೊತ್ತು ದಿನಕ್ಕೆ ಸುಮಾರು ಎರಡು ಗಂಟೆ ಹೆಚ್ಚಿತ್ತು. 2023ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ವೈದ್ಯಕೀಯ ಮಾರ್ಗದರ್ಶಿ ಸಂಸ್ಥೆ ಟೈಪ್ 1 ಇರುವ ಮಕ್ಕಳಿಗೆ ಇಂಥ ಪಂಪುಗಳನ್ನು ಸರ್ಕಾರದ ಆರೋಗ್ಯ ಸೇವೆಯಿಂದಲೇ ಕೊಡುವಂತೆ ಶಿಫಾರಸು ಮಾಡಿತು.

ನನ್ನ ತರಗತಿಯ ಮಗುವಿನ ಮಾತಿಗೆ ಬರುತ್ತೇನೆ. ಏಳನೆಯ ತರಗತಿಯ ಹುಡುಗಿ. ತೋಳಿಗೆ ಸೆನ್ಸರ್, ಸೊಂಟದಲ್ಲಿ ತಾಯಿ ಹೊಲಿದುಕೊಟ್ಟ ಬಟ್ಟೆಯ ಚೀಲದಲ್ಲಿ ಪಂಪ್. ಮೊದಲ ವಾರ ಮಕ್ಕಳೆಲ್ಲ ಮುಗಿಬಿದ್ದು ನೋಡಿದರು. ಎರಡನೆಯ ವಾರಕ್ಕೆ ಮರೆತರು. ಯಂತ್ರ ಕೂಗಿದರೆ ಪಕ್ಕದವಳೇ ಗ್ಲೂಕೋಸ್ ಪುಡಿಯ ಡಬ್ಬಿಯನ್ನು ಮುಂದಕ್ಕೆ ತಳ್ಳುತ್ತಾಳೆ. ಮಕ್ಕಳ ಕಡೆಯಿಂದ ತೊಂದರೆಯಿರಲಿಲ್ಲ. ಒಂದು ದಿನ ಆಟದ ಪೀರಿಯಡ್ ಮುಗಿಸಿ ಬೆವರು ಒರೆಸಿಕೊಳ್ಳುತ್ತ ಬಂದವಳನ್ನು "ಹೇಗಿದ್ದೀಯಮ್ಮ?" ಎಂದು ಕೇಳಿದೆ. ಅವಳು ಯಂತ್ರವನ್ನು ನೋಡಿ, "ನೂರ ಹನ್ನೆರಡು ಟೀಚರ್" ಎಂದಳು.

ಆ ಉತ್ತರ ನನ್ನ ಮನಸ್ಸಿನಲ್ಲಿ ಉಳಿಯಿತು. ಬೆಳಗಿನಿಂದ ರಾತ್ರಿಯವರೆಗೆ ತಂದೆ, ತಾಯಿ, ಅಜ್ಜಿ, ವೈದ್ಯರು ಎಲ್ಲರೂ ಅವಳನ್ನು ಕೇಳುವುದು ಒಂದೇ ಪ್ರಶ್ನೆ: "ಎಷ್ಟು?" ಪರೀಕ್ಷೆಯ ಪತ್ರಿಕೆ ಕೊಟ್ಟ ದಿನ ನಾವು ಎಲ್ಲ ಮಕ್ಕಳನ್ನೂ ಕೇಳುವ ಪ್ರಶ್ನೆಯೂ ಅದೇ. ಇನ್ನೂರ ಐವತ್ತು ಎಂದಾಗ "ಏನು ತಿಂದೆ?" ಎಂಬ ಮಾತು ಹಿಂಬಾಲಿಸುತ್ತದೆ, ಅಂಕ ಕಡಿಮೆ ಬಂದಾಗ "ಏಕೆ ಓದಲಿಲ್ಲ?" ಎನ್ನುವ ಹಾಗೆ. ಜ್ವರ ಬಂದರೆ, ಭಯವಾದರೆ, ಮೈ ನೆರೆಯುವ ವಯಸ್ಸಿನಲ್ಲಿ ಸುಮ್ಮನೆ ಕೂತರೂ ಸಕ್ಕರೆ ಏರಬಹುದು. ಅದರಲ್ಲಿ ಮಗುವಿನ ತಪ್ಪೇನೂ ಇರದು. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚುತ್ತಿದ್ದಾಗ ನಾಲ್ಕು ಪರೀಕ್ಷೆ, ಈಗ 288. ಕನ್ನಡಿ ಮಗುವಿನ ಕೈಗೆ ಬಂದದ್ದೇನೋ ನಿಜ. ಅದನ್ನು ಅಂಕಪಟ್ಟಿಯಾಗಿ ಮಾಡಿ ಮತ್ತೆ ಅವಳಿಂದ ಕಿತ್ತುಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

ವೈದ್ಯರು ಈ ವಿಷಯದಲ್ಲಿ ಉಪಾಧ್ಯಾಯರಿಗಿಂತ ಉದಾರಿಗಳೆಂದು ತಿಳಿದು ನನಗೆ ಸಂತೋಷವಾಯಿತು. ಹಿಂದೆ ಅವರ ಅಳತೆ ಮೂರು ತಿಂಗಳ ಸರಾಸರಿಯೊಂದೇ ಆಗಿತ್ತು. ಸರಾಸರಿಯ ದೋಷ ನಮಗೆ ಗೊತ್ತಿದೆ: ಗಣಿತದಲ್ಲಿ 90, ಹಿಂದಿಯಲ್ಲಿ 10 ತೆಗೆದವನ ಸರಾಸರಿಯೂ 50, ಎರಡರಲ್ಲೂ 50 ತೆಗೆದವನದೂ 50. ಸತತ ಮಾಪಕ ಬಂದ ಮೇಲೆ ಬೇರೆ ಅಳತೆ ಸಾಧ್ಯವಾಯಿತು. 2019ರಲ್ಲಿ ಹಲವು ದೇಶಗಳ ತಜ್ಞರು ಕೂಡಿ, ಸಕ್ಕರೆ 70 ಮತ್ತು 180ರ ನಡುವೆ ದಿನದ ಶೇಕಡಾ 70ಕ್ಕಿಂತ ಹೆಚ್ಚು ಹೊತ್ತು ಇದ್ದರೆ ಸಾಕು ಎಂಬ ಗುರಿಯನ್ನು ಒಪ್ಪಿದರು. ದಿನಕ್ಕೆ ಏಳು ಗಂಟೆಯಷ್ಟು ಹೊತ್ತು ತಪ್ಪಿದರೂ ಆ ಮಗು ಪಾಸು. ಇದನ್ನು ಹುಡುಗಿಯ ತಾಯಿಗೆ ಹೇಳಿದಾಗ ಅವರು, "ಡಾಕ್ಟರೂ ಹಾಗೇ ಅಂದ್ರು ಟೀಚರ್, ನನಗೇ ಮನಸ್ಸು ಕೇಳೋಲ್ಲ" ಎಂದರು. ಕೇಳುವುದು ಕಷ್ಟವೇ. ಎರಡು ಗಂಟೆಯ ಅಲಾರಂ ಇಟ್ಟು ಅಭ್ಯಾಸವಾದ ತಾಯಿ ಅವರು.

ಇನ್ನು ನಮ್ಮ ನಾಡಿನ ಮಾತು. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ 2021ರಲ್ಲಿ ಅಂದಾಜು ಮಾಡಿದಂತೆ 20ರೊಳಗಿನ ಟೈಪ್ 1 ಮಕ್ಕಳು ಭಾರತದಲ್ಲಿ ಎರಡು ಲಕ್ಷಕ್ಕೂ ಹೆಚ್ಚು. ಬೇರಾವ ದೇಶದಲ್ಲೂ ಇಷ್ಟಿಲ್ಲ. ಹತ್ತು ಹದಿನೈದು ದಿನ ಬಾಳುವ ಒಂದು ಸೆನ್ಸರಿಗೆ ಸಾವಿರಗಳ ಲೆಕ್ಕ, ಪಂಪಿಗೆ ಲಕ್ಷಗಳ ಲೆಕ್ಕ. ಒಂದು ಡಾಲರಿಗೆ ಪೇಟೆಂಟ್ ಬಿಟ್ಟುಕೊಟ್ಟ ಔಷಧದ ಕನ್ನಡಿ ಇಷ್ಟು ದುಬಾರಿಯಾಗಿದೆ. ನನ್ನ ತರಗತಿಯ ಹುಡುಗಿಗೆ ಇರುವುದು ಪಕ್ಕದ ಹಳ್ಳಿಯ ಹುಡುಗನಿಗೆ ಇಲ್ಲ. ಅವನಿಗೆ ದಿನದ ಇನ್ಸುಲಿನ್, ನಾಲ್ಕು ಪಟ್ಟಿ ಸಿಕ್ಕರೆ ಅದೇ ದೊಡ್ಡದು.

ಹಣವಿಲ್ಲದೆ ಆಗುವ ಕೆಲಸವೂ ಸ್ವಲ್ಪ ಇದೆ. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ರಾಜ್ಯಗಳಿಗೆ ಪತ್ರ ಬರೆದು, ಟೈಪ್ 1 ಇರುವ ಮಕ್ಕಳಿಗೆ ತರಗತಿಯಲ್ಲೇ ಸಕ್ಕರೆ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿಂಡಿ ತಿನ್ನಲು ಬಿಡಬೇಕೆಂದು ಹೇಳಿತು. ಸೆನ್ಸರ್ ಮತ್ತು ಪಂಪು ಮೈಗೆ ಅಂಟಿಕೊಂಡಿರುವುದರಿಂದ ಪರೀಕ್ಷಾ ಕೊಠಡಿಯಲ್ಲಿ ಅವನ್ನು ತೆಗೆಸಬಾರದು. ಅಂಕಿ ನೋಡಲು ಫೋನು ಬೇಕಾದರೆ ಅದು ಮೇಲ್ವಿಚಾರಕರ ಬಳಿ ಇರಲಿ ಎಂದೂ ಅದರಲ್ಲಿದೆ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ನಮ್ಮ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದ್ದೇವೆ. ಅದರ ಕೆಳಗೆ, ಸೆನ್ಸರ್ ಇಲ್ಲದ ಮಗುವಿಗಾಗಿ ಎರಡು ಸಾಲು ಸೇರಿಸಿದ್ದೇವೆ: ಮಗು ಬೆವರಿದರೆ, ಕೈ ನಡುಗಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ ಬೈಯಬೇಡಿ, ಒಂಟಿಯಾಗಿ ಎಲ್ಲಿಗೂ ಕಳಿಸಬೇಡಿ. ಮೊದಲು ಸಕ್ಕರೆ ಕೊಡಿ. ಅದು ಮೇಜಿನ ಮೇಲಿನ ಡಬ್ಬಿಯಲ್ಲಿದೆ.